ವೈದ್ಯರು ಸಾಲದ ನಾಡಿನಲ್ಲಿ ನರ್ಸ್‌ಗಳು ಕೊಟ್ಟ ಎಚ್‌ಐವಿ ಚಿಕಿತ್ಸೆ: ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ 'ಮಾನವನ ಆರೋಗ್ಯ ಮತ್ತು ರೋಗಗಳು' ಎಂಬ ಅಧ್ಯಾಯ ಓದುವಾಗ ಏಡ್ಸ್ ಬಗ್ಗೆ ಒಂದೆರಡು ಪುಟ ಬರುತ್ತದೆ. ವೈರಸ್ಸಿನ ಚಿತ್ರ ಬಿಡಿಸುತ್ತೇವೆ, ಹರಡುವ ನಾಲ್ಕು ಮಾರ್ಗಗಳನ್ನು ಬರೆಯುತ್ತೇವೆ, ಎಲಿಸಾ ಪರೀಕ್ಷೆಯ ಹೆಸರನ್ನು ನೆನಪಿಟ್ಟುಕೊಳ್ಳುತ್ತೇವೆ. ಅಂಕ ಬರಲು ಅಷ್ಟು ಸಾಕು. ಆದರೆ ಪಠ್ಯಪುಸ್ತಕ ಕೇಳದ ಒಂದು ಪ್ರಶ್ನೆ ಇದೆ. ರೋಗಕ್ಕೆ ಔಷಧಿ ಕಂಡುಹಿಡಿದಾಗಿದೆ, ಅದು ಕಾರ್ಖಾನೆಯಲ್ಲಿ ತಯಾರಾಗಿದೆ, ಸರ್ಕಾರ ಉಚಿತವಾಗಿ ಕೊಡಲು ಒಪ್ಪಿದೆ. ಆದರೂ ರೋಗಿ ಸಾಯುತ್ತಿದ್ದಾನೆ. ಇದು ಹೇಗೆ ಸಾಧ್ಯ?

ದಕ್ಷಿಣ ಆಫ್ರಿಕಾದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಿಜವಾಗಿ ನಡೆದದ್ದು ಇದೇ. ಅಲ್ಲಿ ಕಂಡುಕೊಂಡ ಉತ್ತರಗಳಲ್ಲಿ ಬಹು ಮುಖ್ಯವಾದದ್ದು ಸಣ್ಣ ಆರೋಗ್ಯ ಕೇಂದ್ರದ ನರ್ಸ್‌ಗೆ ತರಬೇತಿ ಕೊಟ್ಟು, ಎಚ್‌ಐವಿ ಚಿಕಿತ್ಸೆಯನ್ನು ಅವರ ಕೈಗೆ ಒಪ್ಪಿಸಿದ್ದು. ಈ ಲೇಖನದಲ್ಲಿ ಆ ಕಥೆಯನ್ನು ಹಂತ ಹಂತವಾಗಿ ನೋಡೋಣ. ಮುಂದೆ ನರ್ಸಿಂಗ್, ವೈದ್ಯಕೀಯ, ಫಾರ್ಮಸಿ ಓದಬೇಕೆಂದಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲೆ ಮತ್ತು ವಾಣಿಜ್ಯ ವಿಭಾಗದವರಿಗೂ ಇದರಲ್ಲಿ ಕಲಿಯುವುದಿದೆ; ಏಕೆಂದರೆ ಇದು ಆಡಳಿತದ, ಹಣದ, ಕಾನೂನಿನ ಕಥೆಯೂ ಹೌದು.

1. ಮೊದಲು ಸ್ವಲ್ಪ ಜೀವಶಾಸ್ತ್ರ

ಎಚ್‌ಐವಿ ಒಂದು ರೆಟ್ರೋವೈರಸ್. ಇದರ ಆನುವಂಶಿಕ ವಸ್ತು ಆರ್‌ಎನ್‌ಎ. ರಕ್ತದಲ್ಲಿರುವ ಸಹಾಯಕ ಟಿ-ಕೋಶಗಳ ಮೇಲೆ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ. ವೈರಸ್ ಅದಕ್ಕೆ ಅಂಟಿಕೊಂಡು ಕೋಶದ ಒಳಗೆ ಹೋಗುತ್ತದೆ. ಅಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದ ಸಹಾಯದಿಂದ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸಿ, ಅದನ್ನು ನಮ್ಮ ಕೋಶದ ಡಿಎನ್‌ಎಗೆ ಸೇರಿಸುತ್ತದೆ. ಆಮೇಲೆ ಆ ಕೋಶವೇ ವೈರಸ್ ತಯಾರಿಸುವ ಕಾರ್ಖಾನೆಯಾಗುತ್ತದೆ.

ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1,500 ಸಿಡಿ4 ಕೋಶಗಳಿರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಈ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತದೆ. 200ಕ್ಕಿಂತ ಕೆಳಗೆ ಬಂದಾಗ ದೇಹ ಸಾಮಾನ್ಯ ರೋಗಾಣುಗಳನ್ನೂ ತಡೆಯಲಾರದು. ಕ್ಷಯ, ನ್ಯುಮೋನಿಯಾ, ಮೆದುಳಿನ ಪೊರೆಯ ಸೋಂಕು ಇವೆಲ್ಲ ಮೇಲೆರಗುತ್ತವೆ. ಆಫ್ರಿಕಾದಲ್ಲೂ ಭಾರತದಲ್ಲೂ ಎಚ್‌ಐವಿ ಸೋಂಕಿತರ ಸಾವಿಗೆ ದೊಡ್ಡ ಕಾರಣ ಕ್ಷಯರೋಗ.

ಎಆರ್‌ಟಿ ಎಂದರೆ ವೈರಸ್ಸನ್ನು ಬೇರೆ ಬೇರೆ ಹಂತಗಳಲ್ಲಿ ತಡೆಯುವ, ಸಾಮಾನ್ಯವಾಗಿ ಮೂರು ಔಷಧಿಗಳ ಸಂಯೋಜನೆ. ಇದು ವೈರಸ್ಸನ್ನು ದೇಹದಿಂದ ಪೂರ್ತಿ ಹೊರಹಾಕುವುದಿಲ್ಲ. ಆದರೆ ದಿನವೂ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ, ಸಿಡಿ4 ಮತ್ತೆ ಏರುತ್ತದೆ. ಹಾಗೆ ವೈರಸ್ ಅಡಗಿರುವ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ ಎಂಬುದು ಈಗ ಖಚಿತವಾಗಿದೆ. ಆದ್ದರಿಂದ ಮಾತ್ರೆ ರೋಗಿಯ ಜೀವ ಉಳಿಸುವುದರ ಜೊತೆಗೆ ಮುಂದಿನ ಸೋಂಕನ್ನೂ ತಡೆಯುತ್ತದೆ.

ಇಲ್ಲಿ ಎರಡು ಮಾತು ಗಮನದಲ್ಲಿರಲಿ. ಒಂದು, ಮಾತ್ರೆ ಜೀವನಪರ್ಯಂತ ಬೇಕು. ಎರಡು, ಸಿಡಿ4 ತೀರಾ ಇಳಿಯುವ ಮೊದಲೇ ಶುರುಮಾಡಬೇಕು. ತಡವಾದರೆ ಔಷಧಿ ಕೈಗೆ ಬಂದರೂ ಜೀವ ಉಳಿಯುವುದು ಕಷ್ಟ. ಮುಂದಿನ ಕಥೆಯೆಲ್ಲ ಈ ಎರಡು ಮಾತಿನ ಮೇಲೆ ನಿಂತಿದೆ.

2. ಔಷಧಿ ಇತ್ತು, ಕೈಗೆ ಸಿಗಲಿಲ್ಲ

ಮೂರು ಔಷಧಿಗಳ ಚಿಕಿತ್ಸೆ 1996ರ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಸಾವಿನ ಸಂಖ್ಯೆಯನ್ನು ಇಳಿಸಿತು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಮೀರಿದ ಖರ್ಚು. ಆಫ್ರಿಕಾದ ಬಡವರಿಗೆ ಅದು ಕನಸು.

ಈ ಬೆಲೆಯನ್ನು ಮುರಿದದ್ದು ಭಾರತದ ಕಂಪನಿ. 2001ರ ಫೆಬ್ರವರಿಯಲ್ಲಿ ಸಿಪ್ಲಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಡಾ. ಯೂಸುಫ್ ಹಮೀದ್ ಅವರು 'ಗಡಿರಹಿತ ವೈದ್ಯರು' ಎಂಬ ಅಂತರರಾಷ್ಟ್ರೀಯ ಸೇವಾ ಸಂಸ್ಥೆಗೆ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುವುದಾಗಿ ಘೋಷಿಸಿದರು. ಮೂರು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಟ್ಟಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಕೈತುಂಬ ಮಾತ್ರೆ ನುಂಗುವ ಬದಲು ಬೆಳಿಗ್ಗೆ ಒಂದು, ರಾತ್ರಿ ಒಂದು. ಚಿಕಿತ್ಸೆ ಇಷ್ಟು ಸರಳವಾಗದೆ ಹೋಗಿದ್ದರೆ ಅದನ್ನು ಹಳ್ಳಿಯ ನರ್ಸ್ ಕೈಗೆ ಕೊಡುವ ಮಾತೇ ಏಳುತ್ತಿರಲಿಲ್ಲ.

ಬೆಲೆ ಇಳಿದರೂ ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ತಡೆ ಇತ್ತು. ಆಗ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿ ಅವರು ಏಡ್ಸ್‌ಗೆ ಎಚ್‌ಐವಿಯೇ ಕಾರಣ ಎಂಬ ವಿಜ್ಞಾನದ ತೀರ್ಮಾನವನ್ನೇ ಪ್ರಶ್ನಿಸಿದರು. ಆರೋಗ್ಯ ಸಚಿವರು ಬೆಳ್ಳುಳ್ಳಿ, ಬೀಟ್‌ರೂಟ್‌ಗಳ ಗುಣಗಾನ ಮಾಡಿದರು. ಇದರ ವಿರುದ್ಧ 1998ರಲ್ಲಿ ಹುಟ್ಟಿದ 'ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್' ಎಂಬ ಸಂಘಟನೆ ಬೀದಿಗಿಳಿಯಿತು, ನ್ಯಾಯಾಲಯಕ್ಕೂ ಹೋಯಿತು. ಅದರ ನಾಯಕರಲ್ಲೊಬ್ಬರಾದ ಝಾಕಿ ಅಕ್ಮತ್ ಅವರು ಸ್ವತಃ ಸೋಂಕಿತರು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಔಷಧಿ ಸಿಗುವ ತನಕ ತಾನೂ ತೆಗೆದುಕೊಳ್ಳುವುದಿಲ್ಲ ಎಂದು ಬಹಿರಂಗವಾಗಿ ಹಟ ಹಿಡಿದರು. 2002ರಲ್ಲಿ ಸಾಂವಿಧಾನಿಕ ನ್ಯಾಯಾಲಯವು ತಾಯಿಯಿಂದ ಮಗುವಿಗೆ ಸೋಂಕು ತಗುಲದಂತೆ ತಡೆಯುವ ಔಷಧಿಯನ್ನು ಸರ್ಕಾರ ಕೊಡಲೇಬೇಕೆಂದು ಆದೇಶಿಸಿತು. 2003ರ ನವೆಂಬರ್‌ನಲ್ಲಿ ಸರ್ಕಾರ ರಾಷ್ಟ್ರೀಯ ಚಿಕಿತ್ಸಾ ಯೋಜನೆಗೆ ಒಪ್ಪಿತು. 2004ರಲ್ಲಿ ಉಚಿತ ಎಆರ್‌ಟಿ ಆರಂಭವಾಯಿತು. 2000ದಿಂದ 2005ರ ನಡುವಿನ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು ಆಮೇಲೆ ಅಂದಾಜು ಮಾಡಿದರು.

3. ಹೊಸ ತಡೆ: ವೈದ್ಯರ ಕೊರತೆ

ಈಗ ಔಷಧಿ ಬಂತು, ಹಣ ಬಂತು, ಆದೇಶವೂ ಬಂತು. ದೇಶದಲ್ಲಿ ಸೋಂಕಿತರು 50 ಲಕ್ಷಕ್ಕೂ ಹೆಚ್ಚು. ಆದರೆ ನಿಯಮದ ಪ್ರಕಾರ ಎಆರ್‌ಟಿ ಬರೆದುಕೊಡಬೇಕಾದವರು ವೈದ್ಯರು. ಹಳ್ಳಿಗಾಡಿನ ಕೇಂದ್ರಗಳಿಗೆ ವೈದ್ಯರು ಬರುವುದೇ ಅಪರೂಪ.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯೋಣ. ಇದು ಕೇವಲ ಉದಾಹರಣೆಯ ಲೆಕ್ಕ. ಒಂದು ಆರೋಗ್ಯ ಕೇಂದ್ರಕ್ಕೆ ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ, ದಿನಕ್ಕೆ 30 ರೋಗಿಗಳನ್ನು ನೋಡುತ್ತಾರೆ ಎನ್ನೋಣ. ತಿಂಗಳಿಗೆ ನಾಲ್ಕು ವಾರವೆಂದರೆ 120 ಭೇಟಿ. ಪ್ರತಿ ರೋಗಿ ತಿಂಗಳಿಗೊಮ್ಮೆ ಚೀಟಿ ಬರೆಸಿಕೊಳ್ಳಲು ಬರಬೇಕು. ಮೊದಲ ತಿಂಗಳು 40 ಹೊಸಬರಿಗೆ ಚಿಕಿತ್ಸೆ ಶುರುವಾಯಿತು. ಎರಡನೇ ತಿಂಗಳು ಆ 40 ಮಂದಿ ಮತ್ತೆ ಬಂದರು, ಜೊತೆಗೆ ಇನ್ನೂ 40 ಹೊಸಬರು. ಮೂರನೇ ತಿಂಗಳು 80 ಹಳಬರು, 40 ಹೊಸಬರು. ಒಟ್ಟು 120. ನಾಲ್ಕನೇ ತಿಂಗಳಿನಿಂದ ವೈದ್ಯರ ಪೂರ್ತಿ ಸಮಯ ಹಳಬರಿಗೇ ಮುಗಿಯುತ್ತದೆ. ಹೊಸಬರಿಗೆ ಬಾಗಿಲು ಮುಚ್ಚಿದಂತೆ.

ಗಮನಿಸಿ, ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಚಿಕಿತ್ಸೆ ಯಶಸ್ವಿಯಾಗಿ ರೋಗಿಗಳು ಬದುಕಿರುವುದರಿಂದಲೇ ಸಾಲು ಬೆಳೆಯಿತು. ಜೀವನಪರ್ಯಂತದ ಚಿಕಿತ್ಸೆಯ ಸ್ವಭಾವವೇ ಇದು. ಆದರೆ ಸಾಲಿನ ಕೊನೆಯಲ್ಲಿ ನಿಂತವರ ಸಿಡಿ4 ಮಾತ್ರ ಕಾಯುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಫ್ರೀ ಸ್ಟೇಟ್ ಎಂಬ ಪ್ರಾಂತ್ಯದ ದಾಖಲೆಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆಗೆ ಅರ್ಹರಾಗಿದ್ದು ಸತ್ತವರಲ್ಲಿ ಬಹುಪಾಲು ಜನ ಮೊದಲ ಮಾತ್ರೆ ಸಿಗುವ ಮೊದಲೇ, ಕಾಯುತ್ತಿರುವಾಗಲೇ ಸತ್ತಿದ್ದರು.

4. ಲುಸಿಕಿಸಿಕಿ ತೋರಿಸಿದ ದಾರಿ

ಪೂರ್ವ ಕೇಪ್ ಪ್ರಾಂತ್ಯದಲ್ಲಿ ಲುಸಿಕಿಸಿಕಿ ಎಂಬ ಬಡ ಗ್ರಾಮೀಣ ಪ್ರದೇಶವಿದೆ. ಸುಮಾರು 1,50,000 ಜನಸಂಖ್ಯೆ, ಒಂದು ಆಸ್ಪತ್ರೆ, 12 ಸಣ್ಣ ಆರೋಗ್ಯ ಕೇಂದ್ರಗಳು. 2003ರಲ್ಲಿ 'ಗಡಿರಹಿತ ವೈದ್ಯರು' ಸಂಸ್ಥೆ ಇಲ್ಲಿ ಕೆಲಸ ಶುರುಮಾಡಿತು. ಆಸ್ಪತ್ರೆಗೆ ರೋಗಿಗಳನ್ನು ಕರೆಸುವ ಬದಲು ಹಳ್ಳಿಯ ಕೇಂದ್ರಗಳಲ್ಲೇ ನರ್ಸ್‌ಗಳ ಮೂಲಕ ಚಿಕಿತ್ಸೆ ಕೊಡಿಸಿತು. ವೈದ್ಯರು ಸುತ್ತಾಡಿ ಮಾರ್ಗದರ್ಶನ ಮಾಡುತ್ತಿದ್ದರು. ಊರಿನವರನ್ನೇ, ಅವರಲ್ಲಿ ಸೋಂಕಿತರೂ ಇದ್ದರು, ಆಪ್ತಸಲಹೆಗಾರರನ್ನಾಗಿ ಮಾಡಿ ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವ ಹೊಣೆ ಕೊಟ್ಟರು. 2006ರ ಅಕ್ಟೋಬರ್‌ನಲ್ಲಿ ಕಾರ್ಯಕ್ರಮವನ್ನು ಸರ್ಕಾರಕ್ಕೆ ವಹಿಸಿಕೊಡುವಾಗ ಸುಮಾರು 2,200 ಜನ ಚಿಕಿತ್ಸೆಯಲ್ಲಿದ್ದರು.

ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಿಗಿಂತ ಹಳ್ಳಿಯ ಕೇಂದ್ರಗಳಲ್ಲಿ ಪಡೆದವರು ನಡುವೆ ಬಿಟ್ಟುಹೋದದ್ದು ಬಹಳ ಕಡಿಮೆ. ಕಾರಣ ಊಹಿಸಬಹುದು. ಮನೆ ಹತ್ತಿರ, ಬಸ್ ಖರ್ಚಿಲ್ಲ, ಒಂದು ದಿನದ ಕೂಲಿ ತಪ್ಪುವುದಿಲ್ಲ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಪರಿಚಯದ ಮುಖವಿದೆ.

ಇಂಥ ಅನುಭವಗಳ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯು 2008ರ ಜನವರಿಯಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಸಮ್ಮೇಳನ ನಡೆಸಿ, ವೈದ್ಯರ ಕೆಲವು ಕೆಲಸಗಳನ್ನು ತರಬೇತಿ ಪಡೆದ ನರ್ಸ್‌ಗಳಿಗೂ, ನರ್ಸ್‌ಗಳ ಕೆಲವು ಕೆಲಸಗಳನ್ನು ಸಮುದಾಯ ಕಾರ್ಯಕರ್ತರಿಗೂ ವಹಿಸುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಇದನ್ನು ನಾವು 'ಕೆಲಸದ ಮರುಹಂಚಿಕೆ' ಎನ್ನಬಹುದು.

5. ತರಬೇತಿ ಹೇಗಿತ್ತು?

ಇಲ್ಲಿಯೇ ಈ ಕಥೆಯ ತಿರುಳಿದೆ. ಸಾಮಾನ್ಯವಾಗಿ ತರಬೇತಿ ಎಂದರೆ ನರ್ಸ್‌ಗಳನ್ನು ನಗರಕ್ಕೆ ಕರೆಸಿ, ಸಭಾಂಗಣದಲ್ಲಿ ಕೂರಿಸಿ, ಒಂದು ವಾರ ಉಪನ್ಯಾಸ ಕೊಟ್ಟು, ಪ್ರಮಾಣಪತ್ರದ ಜೊತೆ ವಾಪಸ್ ಕಳಿಸುವುದು. ಅಷ್ಟು ದಿನ ಹಳ್ಳಿಯ ಕೇಂದ್ರದಲ್ಲಿ ನರ್ಸ್ ಇಲ್ಲ. ಕಲಿತದ್ದು ಕೆಲಸದ ಗಡಿಬಿಡಿಯಲ್ಲಿ ಮರೆತೂ ಹೋಗುತ್ತದೆ.

ಕೇಪ್‌ಟೌನ್ ವಿಶ್ವವಿದ್ಯಾಲಯದ ಶ್ವಾಸಕೋಶ ಸಂಸ್ಥೆಯ ತಂಡವೊಂದು ಬೇರೆ ವಿಧಾನ ರೂಪಿಸಿತು. ಮೊದಲು ಕೆಮ್ಮು, ಉಸಿರಾಟದ ತೊಂದರೆಗಳಿಗಾಗಿ 'ಪಾಲ್ಸಾ' ಎಂಬ ಕಾರ್ಯಕ್ರಮ, ಆಮೇಲೆ ಅದಕ್ಕೆ ಎಚ್‌ಐವಿ ಚಿಕಿತ್ಸೆಯನ್ನೂ ಸೇರಿಸಿ 'ಪಾಲ್ಸಾ ಪ್ಲಸ್'. ಇದರ ಲಕ್ಷಣಗಳು ಹೀಗಿದ್ದವು:

ಅ) ತರಬೇತಿಯೇ ಕೇಂದ್ರಕ್ಕೆ ಬರುತ್ತದೆ. ತರಬೇತುದಾರರೂ ನರ್ಸ್‌ಗಳೇ. ಅವರು ಆರೋಗ್ಯ ಕೇಂದ್ರಕ್ಕೆ ಬಂದು ಕೆಲವೇ ಗಂಟೆಗಳ ಪಾಠ ಮಾಡುತ್ತಾರೆ. ಮತ್ತೆ ಮತ್ತೆ ಬರುತ್ತಾರೆ. ಕೇಂದ್ರದ ಬಾಗಿಲು ಮುಚ್ಚಬೇಕಿಲ್ಲ.

ಆ) ಒಬ್ಬರಿಗಲ್ಲ, ಇಡೀ ತಂಡಕ್ಕೆ ಪಾಠ. ಕಲಿತ ಒಬ್ಬರು ವರ್ಗವಾಗಿ ಹೋದರೆ ಕೇಂದ್ರದ ಜ್ಞಾನವೂ ಹೋಗಬಾರದು.

ಇ) ರೋಗದ ಹೆಸರಿನಿಂದ ಆರಂಭಿಸುವುದಿಲ್ಲ, ರೋಗಿಯ ದೂರಿನಿಂದ ಆರಂಭಿಸುತ್ತಾರೆ. ನಮ್ಮ ಪಠ್ಯಪುಸ್ತಕ 'ಕ್ಷಯ: ಕಾರಣ, ಲಕ್ಷಣ, ಚಿಕಿತ್ಸೆ' ಎಂದು ಹೇಳುತ್ತದೆ. ಆದರೆ ರೋಗಿ ಬಂದು 'ನನಗೆ ಕ್ಷಯ' ಎನ್ನುವುದಿಲ್ಲ. 'ಎರಡು ವಾರದಿಂದ ಕೆಮ್ಮು' ಎನ್ನುತ್ತಾನೆ. ನರ್ಸ್ ಕೈಯಲ್ಲಿರುವ ಕೈಪಿಡಿ 'ಕೆಮ್ಮು' ಎಂಬ ಪುಟದಿಂದ ಶುರುವಾಗಿ, ಹೌದು-ಇಲ್ಲ ಪ್ರಶ್ನೆಗಳ ಮೂಲಕ ಮುಂದಿನ ಹೆಜ್ಜೆ ತೋರಿಸುತ್ತದೆ.

ಈ) ಎಲ್ಲಿ ನಿಲ್ಲಬೇಕೆಂದು ಕಲಿಸುತ್ತಾರೆ. ಯಾವ ಲಕ್ಷಣ ಕಂಡರೆ ತಕ್ಷಣ ವೈದ್ಯರಿಗೆ ಕಳಿಸಬೇಕು ಎಂಬುದು ಪ್ರತಿ ಪುಟದಲ್ಲಿ ಎದ್ದುಕಾಣುವಂತಿರುತ್ತದೆ.

ಈ ವಿಧಾನ ಕೆಲಸ ಮಾಡುತ್ತದೆಯೇ ಎಂದು ಫ್ರೀ ಸ್ಟೇಟ್ ಪ್ರಾಂತ್ಯದ 40 ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಲ್ಸಾ ತರಬೇತಿ ಪಡೆದ ಕೇಂದ್ರಗಳಲ್ಲಿ ಉಸಿರಾಟದ ತೊಂದರೆಯಿಂದ ಬಂದ ರೋಗಿಗಳ ಪೈಕಿ ಶೇ. 6.4 ಮಂದಿಯಲ್ಲಿ ಕ್ಷಯ ಪತ್ತೆಯಾಯಿತು. ಉಳಿದ ಕೇಂದ್ರಗಳಲ್ಲಿ ಶೇ. 3.8. ಕ್ಷಯ ಎರಡೂ ಕಡೆ ಇತ್ತು. ತರಬೇತಿ ಇದ್ದ ಕಡೆ ಅದು ಕಣ್ಣಿಗೆ ಬಿತ್ತು.

6. ನರ್ಸ್ ಏನೇನು ನೋಡುತ್ತಾರೆ?

'ಮಾತ್ರೆ ಕೊಡುವುದರಲ್ಲಿ ಏನಿದೆ?' ಎಂದು ಕೆಲವರಿಗೆ ಅನಿಸಬಹುದು. ಹೊಸದಾಗಿ ಎಚ್‌ಐವಿ ಪತ್ತೆಯಾದ ಮೂವತ್ತು ವರ್ಷದ ಮಹಿಳೆಯೊಬ್ಬರು ಕೇಂದ್ರಕ್ಕೆ ಬಂದರೆಂದು ಭಾವಿಸೋಣ. ನರ್ಸ್ ಎದುರಿರುವ ಕೆಲಸ ಇಷ್ಟು:

ಮೊದಲು ಮಾತು. ಸುದ್ದಿ ಕೇಳಿ ಕುಸಿದು ಕುಳಿತವರಿಗೆ ಧೈರ್ಯ ಹೇಳಬೇಕು. ಇದು ಸಾವಿನ ತೀರ್ಪಲ್ಲ, ಮಾತ್ರೆ ತೆಗೆದುಕೊಂಡರೆ ದೀರ್ಘಕಾಲ ಬದುಕಬಹುದು ಎಂದು ತಿಳಿಸಬೇಕು. ಮನೆಯಲ್ಲಿ ಯಾರಿಗೆ ಹೇಳಬಹುದು ಎಂದು ವಿಚಾರಿಸಬೇಕು. ಅವರ ಅನುಮತಿ ಇಲ್ಲದೆ ಯಾರಿಗೂ ಹೇಳಬಾರದು.

ಎರಡನೆಯದು ಕ್ಷಯದ ನಾಲ್ಕು ಪ್ರಶ್ನೆಗಳು: ಕೆಮ್ಮು ಇದೆಯೇ? ಜ್ವರ ಇದೆಯೇ? ರಾತ್ರಿ ವಿಪರೀತ ಬೆವರುತ್ತೀರಾ? ತೂಕ ಇಳಿದಿದೆಯೇ? ಒಂದಕ್ಕಾದರೂ 'ಹೌದು' ಎಂದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ದೇಹದಲ್ಲಿ ಅಡಗಿರುವ ಕ್ಷಯವನ್ನು ಗಮನಿಸದೆ ಎಆರ್‌ಟಿ ಶುರುಮಾಡಿದರೆ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಒಮ್ಮೆಲೇ ಪ್ರತಿಕ್ರಿಯಿಸಿ ರೋಗಿಯ ಸ್ಥಿತಿ ಹದಗೆಡಬಹುದು.

ಮೂರನೆಯದು ರಕ್ತಪರೀಕ್ಷೆಗಳು. ಸಿಡಿ4 ಎಷ್ಟು? ಮೂತ್ರಪಿಂಡ ಸರಿಯಾಗಿದೆಯೇ? ಟೆನೊಫೊವಿರ್ ಎಂಬ ಔಷಧಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದ್ದರಿಂದ ಇದು ಮುಖ್ಯ. ಗರ್ಭಿಣಿಯೇ? ಹಾಗಿದ್ದರೆ ಮಗುವನ್ನು ಉಳಿಸಲು ತಡಮಾಡುವಂತಿಲ್ಲ.

ನಾಲ್ಕನೆಯದು ಅಪಾಯದ ಸೂಚನೆಗಳು. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಉಸಿರಾಟದ ಕಷ್ಟ, ಗೊಂದಲದ ಮಾತು ಇದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು.

ಐದನೆಯದು ಮುಂದಿನ ಭೇಟಿಗಳು. ಅಡ್ಡಪರಿಣಾಮ ಇದೆಯೇ, ಮಾತ್ರೆ ಎಷ್ಟು ಸಲ ತಪ್ಪಿತು, ಯಾಕೆ ತಪ್ಪಿತು, ವೈರಲ್ ಲೋಡ್ ಇಳಿಯಿತೇ ಎಂದು ನೋಡುತ್ತಲೇ ಇರಬೇಕು.

ಇದಿಷ್ಟನ್ನೂ ಒಬ್ಬ ಒಳ್ಳೆಯ ನರ್ಸ್ ಕಲಿಯಬಹುದು. ದಕ್ಷಿಣ ಆಫ್ರಿಕಾದ 2005ರ ನರ್ಸಿಂಗ್ ಕಾಯ್ದೆಯ 56ನೇ ವಿಧಿಯಲ್ಲಿ, ವೈದ್ಯರಿಲ್ಲದ ಕಡೆ ಅಧಿಕೃತ ನರ್ಸ್‌ಗಳು ಪರೀಕ್ಷಿಸಿ ಔಷಧಿ ಬರೆಯಲು ಅವಕಾಶವಿದೆ. ಕಾನೂನಿನ ಈ ರಕ್ಷಣೆ ಇಲ್ಲದೆ ತರಬೇತಿ ಎಷ್ಟಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

7. ಸಂದೇಹವನ್ನು ಪರೀಕ್ಷೆಗೆ ಒಡ್ಡಿದರು

ಆದರೂ ಸಂದೇಹ ಸಹಜ. ವೈದ್ಯರ ಕೆಲಸವನ್ನು ನರ್ಸ್‌ಗೆ ಕೊಟ್ಟರೆ ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಟ್ಟಂತಾಗುವುದಿಲ್ಲವೇ? ಇದಕ್ಕೆ ಅಭಿಪ್ರಾಯಗಳಿಂದ ಉತ್ತರ ಹೇಳಲಾಗದು, ಅಳೆದು ನೋಡಬೇಕು.

ಒಂದು ಪರೀಕ್ಷೆ ಕೇಪ್‌ಟೌನ್ ಮತ್ತು ಜೊಹಾನ್ಸ್‌ಬರ್ಗ್‌ಗಳಲ್ಲಿ ನಡೆಯಿತು. 812 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಚಿಕಿತ್ಸೆಯಲ್ಲಿರುವವರ ಮೇಲ್ವಿಚಾರಣೆಯನ್ನು ಒಂದು ಗುಂಪಿಗೆ ನರ್ಸ್‌ಗಳಿಂದ, ಇನ್ನೊಂದಕ್ಕೆ ವೈದ್ಯರಿಂದ ಮಾಡಿಸಿದರು. ಸಾವು, ವೈರಸ್ ಇಳಿಯದಿರುವುದು, ಅಡ್ಡಪರಿಣಾಮ, ಚಿಕಿತ್ಸೆ ಬಿಡುವುದು ಇವೆಲ್ಲವನ್ನೂ ಸೇರಿಸಿ 'ವೈಫಲ್ಯ' ಎಂದು ಎಣಿಸಿದಾಗ ನರ್ಸ್ ಗುಂಪಿನಲ್ಲಿ ಶೇ. 48, ವೈದ್ಯರ ಗುಂಪಿನಲ್ಲಿ ಶೇ. 44. ಮೊದಲೇ ನಿಗದಿ ಮಾಡಿದ ಮಿತಿಯೊಳಗೆ ಈ ವ್ಯತ್ಯಾಸ ಇದ್ದುದರಿಂದ ನರ್ಸ್‌ಗಳ ಆರೈಕೆ ವೈದ್ಯರ ಆರೈಕೆಗಿಂತ ಕಡಿಮೆಯದಲ್ಲ ಎಂದು 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇನ್ನೊಂದು, ಇದಕ್ಕಿಂತ ದೊಡ್ಡದು, ಫ್ರೀ ಸ್ಟೇಟ್‌ನ 31 ಸರ್ಕಾರಿ ಕೇಂದ್ರಗಳಲ್ಲಿ 2008ರಿಂದ 2010ರವರೆಗೆ ನಡೆದ 'ಸ್ಟ್ರೆಚ್' ಪರೀಕ್ಷೆ. 16 ಕೇಂದ್ರಗಳಲ್ಲಿ ನರ್ಸ್‌ಗಳಿಗೆ ಎಆರ್‌ಟಿ ಶುರುಮಾಡುವ ಮತ್ತು ಮುಂದುವರಿಸುವ ತರಬೇತಿ ಹಾಗೂ ಅಧಿಕಾರ ಕೊಟ್ಟರು. 15 ಕೇಂದ್ರಗಳಲ್ಲಿ ಹಳೆಯ ಕ್ರಮವೇ ಮುಂದುವರಿಯಿತು. ಇಲ್ಲಿ ಚೀಟಿ ಎತ್ತಿದ್ದು ರೋಗಿಗಳ ಹೆಸರಿನಲ್ಲಲ್ಲ, ಕೇಂದ್ರಗಳ ಹೆಸರಿನಲ್ಲಿ. ಏಕೆ? ಒಂದೇ ಕೇಂದ್ರದಲ್ಲಿ ತರಬೇತಿ ಪಡೆದ ನರ್ಸ್ 'ಈ ರೋಗಿಗೆ ಹೊಸ ಕ್ರಮ, ಪಕ್ಕದವರಿಗೆ ಹಳೆಯ ಕ್ರಮ' ಎಂದು ಮಾಡಲಾಗದು. ಕಲಿತದ್ದನ್ನು ಮರೆತಂತೆ ನಟಿಸಲು ಯಾರಿಂದ ಸಾಧ್ಯ? ಸಂಖ್ಯಾಶಾಸ್ತ್ರ ಓದುವವರು ಈ ವಿಧಾನವನ್ನು ನೆನಪಿಡಿ.

ರೋಗಿಗಳಲ್ಲಿ ಎರಡು ವರ್ಗ. ಇನ್ನೂ ಚಿಕಿತ್ಸೆ ಶುರುವಾಗದ, ಸಿಡಿ4 350 ಅಥವಾ ಅದಕ್ಕಿಂತ ಕಡಿಮೆ ಇದ್ದವರು 9,252. ಕನಿಷ್ಠ ಆರು ತಿಂಗಳಿನಿಂದ ಚಿಕಿತ್ಸೆಯಲ್ಲಿದ್ದವರು 6,231. ಫಲಿತಾಂಶ 2012ರಲ್ಲಿ ಹೊರಬಂತು:

• ಮೊದಲ ವರ್ಗದಲ್ಲಿ ಸತ್ತವರು ಹೊಸ ಕ್ರಮದ ಕೇಂದ್ರಗಳಲ್ಲಿ ಶೇ. 20, ಹಳೆಯ ಕ್ರಮದಲ್ಲಿ ಶೇ. 19. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ.
• ಎರಡನೇ ವರ್ಗದಲ್ಲಿ ಒಂದು ವರ್ಷದ ನಂತರ ವೈರಸ್ ಅಡಗಿದ್ದವರು ಶೇ. 71 ಮತ್ತು ಶೇ. 70. ಅಂದರೆ ಸಮಾನ.
• ಕ್ಷಯ ಪತ್ತೆಹಚ್ಚುವುದೂ ಸೇರಿದಂತೆ ಆರೈಕೆಯ ಗುಣಮಟ್ಟದ ಕೆಲವು ಅಳತೆಗಳಲ್ಲಿ ನರ್ಸ್‌ಗಳ ಕೇಂದ್ರಗಳೇ ಮುಂದಿದ್ದವು.

ಇದನ್ನು ಪ್ರಾಮಾಣಿಕವಾಗಿ ಓದಬೇಕು. ನರ್ಸ್‌ಗಳಿಗೆ ಅಧಿಕಾರ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ ಇತ್ತು. ಒಟ್ಟಾರೆಯಾಗಿ ಅದು ಈಡೇರಲಿಲ್ಲ. ಪರೀಕ್ಷೆಯ ಅವಧಿಯಲ್ಲೇ, 2008ರ ನವೆಂಬರ್‌ನಿಂದ ಕೆಲವು ತಿಂಗಳು, ಫ್ರೀ ಸ್ಟೇಟ್‌ನಲ್ಲಿ ಹಣದ ಅಭಾವದಿಂದ ಔಷಧಿ ಖಾಲಿಯಾಗಿ ಹೊಸಬರಿಗೆ ಚಿಕಿತ್ಸೆಯನ್ನೇ ನಿಲ್ಲಿಸಲಾಗಿತ್ತು. ಕಪಾಟು ಬರಿದಾದರೆ ಬರೆದುಕೊಡುವವರು ಯಾರಾದರೇನು? ಆದರೆ ಪರೀಕ್ಷೆ ಒಂದು ವಿಷಯವನ್ನು ಖಚಿತಪಡಿಸಿತು: ನರ್ಸ್ ಕೈಯಲ್ಲಿ ಚಿಕಿತ್ಸೆ ಸುರಕ್ಷಿತ. ಇದು ಸಣ್ಣ ಫಲಿತಾಂಶವಲ್ಲ. ವೈದ್ಯರು ಕೆಲವು ನೂರು, ನರ್ಸ್‌ಗಳು ಸಾವಿರಾರು ಇರುವ ಕಡೆ 'ಸಮಾನ' ಎಂಬ ಉತ್ತರವೇ ಬಾಗಿಲು ತೆರೆಯಲು ಸಾಕು.

8. ಬಾಗಿಲು ತೆರೆದ ಮೇಲೆ

ಸರ್ಕಾರ ಅಂತಿಮ ಫಲಿತಾಂಶಕ್ಕೆ ಕಾಯುತ್ತ ಕೂರಲಿಲ್ಲ. 2010ರ ಏಪ್ರಿಲ್‌ನಿಂದ ನರ್ಸ್‌ಗಳು ಎಆರ್‌ಟಿ ಆರಂಭಿಸುವುದು ರಾಷ್ಟ್ರೀಯ ನೀತಿಯಾಯಿತು. ಆಗ ಆರೋಗ್ಯ ಸಚಿವರಾಗಿದ್ದವರು ಡಾ. ಆರನ್ ಮೊತ್ಸೊಅಲೆದಿ. ಸರ್ಕಾರದ ಲೆಕ್ಕದಂತೆ 2010ರ ಫೆಬ್ರವರಿಯಲ್ಲಿ 490 ಕೇಂದ್ರಗಳಲ್ಲಿ ಮಾತ್ರ ಎಆರ್‌ಟಿ ಸಿಗುತ್ತಿತ್ತು, ಅದನ್ನು ಶುರುಮಾಡಬಲ್ಲ ನರ್ಸ್‌ಗಳು ಕೇವಲ 250. ಮೂರೇ ವರ್ಷಗಳ ಆಸುಪಾಸಿನಲ್ಲಿ ಕೇಂದ್ರಗಳು 3,540, ನರ್ಸ್‌ಗಳು 23,000 ಆದರು.

ಜನರ ಆಯುಷ್ಯದಲ್ಲಿ ಇದು ಕಂಡಿತು. ಕ್ವಾಝುಲು-ನಟಾಲ್ ಪ್ರಾಂತ್ಯದ ಒಂದು ಗ್ರಾಮೀಣ ಪ್ರದೇಶದಲ್ಲಿ ವಯಸ್ಕರ ನಿರೀಕ್ಷಿತ ಆಯುಷ್ಯ 2003ರಲ್ಲಿ 49.2 ವರ್ಷ ಇದ್ದದ್ದು 2011ರಲ್ಲಿ 60.5ಕ್ಕೆ ಏರಿತು. ಎಂಟು ವರ್ಷಗಳಲ್ಲಿ 11 ವರ್ಷಗಳ ಹೆಚ್ಚಳ! ಇದಕ್ಕೆ ನರ್ಸ್‌ಗಳೊಬ್ಬರೇ ಕಾರಣರಲ್ಲ. ಅಗ್ಗದ ಔಷಧಿ, ಹೋರಾಟ, ನ್ಯಾಯಾಲಯ, ಸರ್ಕಾರದ ಹಣ ಎಲ್ಲವೂ ಸೇರಿವೆ. 2016ರ ಸೆಪ್ಟೆಂಬರ್‌ನಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಅಲ್ಲಿ ಚಿಕಿತ್ಸೆ. ಇಂದು 50 ಲಕ್ಷಕ್ಕೂ ಹೆಚ್ಚು ಜನ ಮಾತ್ರೆ ತೆಗೆದುಕೊಳ್ಳುತ್ತಿರುವ, ಜಗತ್ತಿನ ಅತಿ ದೊಡ್ಡ ಎಆರ್‌ಟಿ ಕಾರ್ಯಕ್ರಮ ಅದು.

9. ಮರೆಯಬಾರದ ಎಚ್ಚರಿಕೆಗಳು

ಒಂದು, ತರಗತಿ ಮುಗಿದರೆ ತರಬೇತಿ ಮುಗಿಯದು. ತರಗತಿ ಮುಗಿಸಿ ಹೋದವರಲ್ಲಿ ಕೆಲವರು ಮೊದಲ ರೋಗಿಗೆ ಮಾತ್ರೆ ಬರೆಯಲು ಹೆದರಿ ಸುಮ್ಮನಿದ್ದುಬಿಟ್ಟರು. ಅನುಭವಿಯೊಬ್ಬರು ಪಕ್ಕದಲ್ಲಿ ಕುಳಿತು ಮೊದಲ ಕೆಲವು ರೋಗಿಗಳನ್ನು ಜೊತೆಗೆ ನೋಡಿದಾಗ ಧೈರ್ಯ ಬರುತ್ತದೆ.

ಎರಡು, ಕೆಲಸ ಹೆಚ್ಚಿಸಿದರೆ ಕೈಗಳನ್ನೂ ಹೆಚ್ಚಿಸಬೇಕು. ಲಸಿಕೆ, ಬಾಣಂತಿ ಆರೈಕೆ, ಸಕ್ಕರೆ ಕಾಯಿಲೆ ಎಲ್ಲ ನೋಡುವ ನರ್ಸ್ ಮೇಲೆ ಇದನ್ನೂ ಹೇರಿ, ಸಂಬಳವನ್ನೂ ಸಿಬ್ಬಂದಿಯನ್ನೂ ಹಾಗೇ ಇಟ್ಟರೆ ಅದು ಅನ್ಯಾಯ.

ಮೂರು, ವೈದ್ಯರು ಬೇಡವೆಂದು ಅರ್ಥವಲ್ಲ. ಸುಲಭದ ಪ್ರಕರಣಗಳು ನರ್ಸ್ ಬಳಿ ಹೋದಾಗ ಕಠಿಣ ಪ್ರಕರಣಗಳಿಗೆ ವೈದ್ಯರಿಗೆ ಸಮಯ ಸಿಗುತ್ತದೆ.

ನಾಲ್ಕು, ಗುಟ್ಟು ಕಾಪಾಡುವುದು. ಹಳ್ಳಿಯ ಕೇಂದ್ರದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಒಂದು ಮಾತು ಹೊರಬಿದ್ದರೆ ರೋಗಿ ಮತ್ತೆ ಬರುವುದಿಲ್ಲ.

10. ನಮ್ಮ ನಾಡಿನಲ್ಲಿ

ಭಾರತದಲ್ಲಿ ಸರ್ಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದರಿಂದ ನಮ್ಮ ರಾಜ್ಯಕ್ಕೆ ಮೊದಲ ಹಂತದಲ್ಲೇ ಇದು ದೊರೆಯಿತು. ದೂರದ ಜಿಲ್ಲಾ ಕೇಂದ್ರಕ್ಕೆ ಪ್ರತಿ ಬಾರಿ ಹೋಗುವ ಕಷ್ಟ ತಪ್ಪಿಸಲು ಆಮೇಲೆ ಲಿಂಕ್ ಎಆರ್‌ಟಿ ಕೇಂದ್ರಗಳು ಬಂದವು. ಮನೆ ಹತ್ತಿರ ಚಿಕಿತ್ಸೆ ಎಂಬ ತತ್ವ ಇಲ್ಲಿಯೂ ಅದೇ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆ, ಕೆಲಸ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಿಯೂ ಸೋಂಕಿತರಿಗೆ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವುದಾಗಲಿ, ಒಬ್ಬರ ಸ್ಥಿತಿಯನ್ನು ಬಹಿರಂಗಪಡಿಸುವುದಾಗಲಿ ಕಾನೂನಿಗೆ ವಿರುದ್ಧ. ಮಾಹಿತಿ ಬೇಕಾದವರು 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಹೆಸರು ಹೇಳಬೇಕಿಲ್ಲ. ಒಟ್ಟಿಗೆ ಊಟ ಮಾಡುವುದರಿಂದ, ಕೈಕುಲುಕುವುದರಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ ಎಚ್‌ಐವಿ ಹರಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆಯುವ ನಾವು ಅದನ್ನು ನಡತೆಯಲ್ಲೂ ತೋರಿಸಬೇಕು.

ಪಿಯುಸಿ ಮುಗಿದ ಮೇಲೆ ನರ್ಸಿಂಗ್ ಆರಿಸಿಕೊಳ್ಳುವ ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗೆ 'ಡಾಕ್ಟರ್ ಸೀಟು ಸಿಗಲಿಲ್ಲವೇ?' ಎಂದು ಕೇಳುವವರಿದ್ದಾರೆ. ಅವರಿಗೆ ಫ್ರೀ ಸ್ಟೇಟ್‌ನ ಆ 31 ಕೇಂದ್ರಗಳ ಕಥೆ ಹೇಳಿ. ನಮ್ಮಲ್ಲೂ 2018ರಿಂದ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನರ್ಸಿಂಗ್ ಪದವೀಧರರು ಕೆಲಸ ಮಾಡುತ್ತಿದ್ದಾರೆ. ಹಳ್ಳಿಯ ರೋಗಿ ಮೊದಲು ಕಾಣುವ ಮುಖ ಅವರದ್ದೇ. ಆ ಕುರ್ಚಿಯಲ್ಲಿ ಕೂರುವವರು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂಬುದರ ಮೇಲೆ ಒಂದು ಊರಿನ ಆರೋಗ್ಯ ನಿಂತಿರುತ್ತದೆ.

ಯೋಚಿಸಿ, ಚರ್ಚಿಸಿ

1. ಮೂರನೇ ಭಾಗದ ಲೆಕ್ಕವನ್ನು ಮತ್ತೆ ಮಾಡಿ. ರೋಗಿಗಳು ತಿಂಗಳಿಗೊಮ್ಮೆ ಬರುವ ಬದಲು ಮೂರು ತಿಂಗಳಿಗೊಮ್ಮೆ ಬಂದರೆ ಅದೇ 120 ಭೇಟಿಗಳಲ್ಲಿ ಗರಿಷ್ಠ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದು?
2. ಸ್ಟ್ರೆಚ್ ಪರೀಕ್ಷೆಯಲ್ಲಿ ರೋಗಿಗಳ ಬದಲು ಕೇಂದ್ರಗಳನ್ನು ಚೀಟಿ ಎತ್ತಿ ವಿಂಗಡಿಸಿದ್ದು ಏಕೆ? ನಿಮ್ಮ ಮಾತಿನಲ್ಲಿ ವಿವರಿಸಿ.
3. 'ವ್ಯತ್ಯಾಸವಿಲ್ಲ' ಎಂಬ ಫಲಿತಾಂಶವೂ ಉಪಯುಕ್ತವಾಗಬಹುದು. ಇದಕ್ಕೆ ಬೇರೊಂದು ಉದಾಹರಣೆ ಕೊಡಿ.
4. ಔಷಧಿಯ ಬೆಲೆ, ನ್ಯಾಯಾಲಯದ ಆದೇಶ, ನರ್ಸ್ ತರಬೇತಿ, ಔಷಧಿಯ ಸರಬರಾಜು: ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೆ ಏನಾಗುತ್ತಿತ್ತು? ಒಂದೊಂದನ್ನೇ ತೆಗೆದು ಯೋಚಿಸಿ.
5. ನಿಮ್ಮ ಊರಿನ ಉಪಕೇಂದ್ರಕ್ಕೆ ಹೋಗಿ, ಅಲ್ಲಿನ ನರ್ಸ್ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯ ಅನುಮತಿ ಪಡೆದು, ಅವರು ಒಂದು ದಿನದಲ್ಲಿ ಮಾಡುವ ಕೆಲಸಗಳ ಪಟ್ಟಿ ತಯಾರಿಸಿ. ರೋಗಿಗಳ ಹೆಸರು, ವಿವರ ಏನನ್ನೂ ಬರೆದುಕೊಳ್ಳಬೇಡಿ.